ಕಾಲ ಮೇಲೆ ಕಾಲು ಹಾಕಬೇಡಿ

ಭಾಗ್ಯಶ್ರೀ ಅಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದು ನಾಲ್ಕೇ ಮಾತು: ಕಾಲು ಎತ್ತು, ಹಿಮ್ಮಡಿ ಒತ್ತು, ಉಸಿರು ಎಳೆದುಕೋ, ಎದ್ದು ನಿಲ್ಲು. ನಾಲ್ಕೂ ಫ್ರೆಂಚ್ ಮಾತು. ಆಸ್ಪತ್ರೆಯ ದುಭಾಷಿ ಋಷಭ್ ಫೋನಿನಲ್ಲಿ ಹೇಳಿದ್ದನ್ನು ಚೀಟಿಯೊಂದರಲ್ಲಿ ಕನ್ನಡ ಅಕ್ಷರದಲ್ಲಿ ಗೀಚಿಕೊಂಡಿದ್ದಳು. ಹೈದರಾಬಾದಿನ ಮೂರು ಆಸ್ಪತ್ರೆಗಳಿಗೆ ಅವನೊಬ್ಬನೇ ದುಭಾಷಿ. ದಿನಕ್ಕೆ ಒಂದು ತಾಸು ಸಿಕ್ಕರೆ ಹೆಚ್ಚು.

ಮೂರನೆಯ ಮಹಡಿಯ ಕೋಣೆಯಲ್ಲಿದ್ದ ಮದಾಮ್ ಕುಆಸಿ ಐವರಿ ಕೋಸ್ಟ್ ದೇಶದ ಆಬಿಜಾನ್ ಪಟ್ಟಣದವರು. ಅರವತ್ತೇಳು ವರ್ಷ. ಸವೆದುಹೋಗಿದ್ದ ಎಡಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸಿ ಒಂದು ದಿನವಾಗಿತ್ತು. ಜೊತೆಗೆ ಬಂದಿದ್ದ ತಂಗಿಗೂ ಅವರಿಗೂ ತಮ್ಮ ಊರಿನ ಮಾತು, ಫ್ರೆಂಚ್ ಎರಡು ಬಿಟ್ಟರೆ ಬೇರೆ ಏನೂ ಬಾರದು. ಆಪರೇಷನ್ ಆದವರನ್ನು ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು. ಫಿಸಿಯೋಥೆರಪಿಸ್ಟ್ ಭಾಗ್ಯಶ್ರೀಯ ಕೆಲಸ ಅದು. ಡಿಗ್ರಿ ಮುಗಿಸಿ ಈ ಆಸ್ಪತ್ರೆ ಸೇರಿ ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ.

“ಲೆವ್ ಲಾ ಜಾಂಬ್,” ಎಂದಳು, ಕಾಲು ಎತ್ತುವ ಸನ್ನೆ ಮಾಡುತ್ತ.

ಮದಾಮ್ ಕುಆಸಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಕೇಳಿಸಲಿಲ್ಲವೇನೋ ಎಂದುಕೊಂಡು ಭಾಗ್ಯಶ್ರೀ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅವರು ಸಣ್ಣ ದನಿಯಲ್ಲಿ ಏನೋ ಅಂದು ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡರು. ಆಮೇಲೆ ಅರ್ಧ ತಾಸು ಕಾದರೂ ಇತ್ತ ತಿರುಗಲಿಲ್ಲ.

ಮಧ್ಯಾಹ್ನ ಋಷಭ್ ಬಂದು ಅವರೊಂದಿಗೆ ಮಾತಾಡಿದ. ಕೋಣೆಯಿಂದ ಹೊರಗೆ ಬಂದಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

“ತಪ್ಪು ನಂದೇ,” ಎಂದ ಹಿಂದಿಯಲ್ಲಿ. “ಅವಸರದಲ್ಲಿ ಗೆಳೆಯರಿಗೆ ಹೇಳುವ ಹಾಗೆ ಹೇಳಿಕೊಟ್ಟುಬಿಟ್ಟೆ. ನೀನು ಅವರಿಗೆ ‘ಏಳೇ, ನಿಲ್ಲೇ’ ಅಂದಂತಾಗಿದೆ. ಮೂವತ್ತು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರಂತೆ. ‘ಈ ಹುಡುಗಿ ಸಾಕಿದ ಮೇಕೆಯೇ ನಾನು’ ಅಂತ ಕೇಳ್ತಿದ್ದಾರೆ.”

ಭಾಗ್ಯಶ್ರೀಗೆ ನಗು ಬರಲಿಲ್ಲ. ಅವಳ ತಂದೆ ದ್ಯಾವಪ್ಪ ಗಾರೆ ಕೆಲಸದವನು, ತಾಯಿ ಬಂಡೆಮ್ಮ ಇಟ್ಟಿಗೆ ಹೊರುವವಳು. ಯಾದಗಿರಿ ಕಡೆಯ ಹಳ್ಳಿ ಬಿಟ್ಟು ಇಪ್ಪತ್ತೆರಡು ವರ್ಷದಿಂದ ಈ ಊರಿನ ಮನೆಗಳನ್ನು ಕಟ್ಟುತ್ತ ಬಂದವರು. ಶಾಲೆಯ ರಜೆಯಲ್ಲಿ ಅವ್ವನ ಜೊತೆ ಕಟ್ಟಡಗಳಿಗೆ ಹೋದಾಗ ಅವಳು ದಿನವಿಡೀ ಕೇಳಿದ್ದು ಇಂಥವೇ ಮಾತು. ‘ಏ ಬಂಡೀ, ತಾ. ಏ, ಏರು. ಇಳಿ. ಸರಿ ಅತ್ಲಾಗ.’ ಹೇಳುತ್ತಿದ್ದವರು ಅವ್ವನಿಗಿಂತ ಚಿಕ್ಕ ವಯಸ್ಸಿನವರು. ಅವ್ವ ತಿರುಗಿ ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಅಂಥ ಮಾತು ಇಂದು ತನ್ನ ಬಾಯಿಂದಲೇ ಬಂದಿತ್ತು.

ಸಂಜೆ ಪಾಳಿ ಮುಗಿಸಿ ಅವಳು ಕುಷಾಯಿಗೂಡದ ಮನೆಗೆ ಹೋಗುವ ಬಸ್ಸು ಹತ್ತಲಿಲ್ಲ. ಕೋಠಿಗೆ ಹೋದಳು. ಫುಟ್‌ಪಾತಿನ ಹಳೆಯ ಪುಸ್ತಕದವರ ಬಳಿ ಫ್ರೆಂಚ್ ವ್ಯಾಕರಣ ಕೇಳುತ್ತ ನಡೆದಳು. ನಾಲ್ಕನೆಯವನು ರಾಶಿ ಕೆದಕಿ, ಅರ್ಧ ರಟ್ಟು ಹರಿದ ಪುಸ್ತಕವೊಂದನ್ನು ಎಳೆದುಕೊಟ್ಟ. ಬಿಡಿಸಿ ನೋಡಿದರೆ ಇಂಗ್ಲಿಷಿನಲ್ಲಿ ನಿಯಮಗಳ ಸಾಲು. ಹೇಗೆ ಉಚ್ಚರಿಸಬೇಕೆಂಬುದೇ ತಿಳಿಯದು. ಅವಳ ಮುಖ ನೋಡಿ ಅವನೇ ಹೇಳಿದ: “ಇದ್ರಿಂದ ಬರೋದಿಲ್ಲ ಬೇಟಾ. ಗೋದಾಬಾಯಿ ಟೀಚರ್ ಕನೆ ಜಾವ್, ಅವರ ಹತ್ರ ಹೋಗು.” ಸುಲ್ತಾನ್ ಬಜಾರಿನಲ್ಲಿ, ಸೀರೆ ಅಂಗಡಿಯ ಮೇಲಿನ ಮನೆ ಎಂದು ದಾರಿಯನ್ನೂ ತೋರಿಸಿದ.

ಗೋದಾಬಾಯಿ ಎಪ್ಪತ್ತು ದಾಟಿದವರು. ಕಲಬುರಗಿಯಿಂದ ಮದುವೆಯಾಗಿ ಬಂದು, ಇಲ್ಲಿನ ಕಾನ್ವೆಂಟ್ ಒಂದರಲ್ಲಿ ಇಪ್ಪತ್ತೆಂಟು ವರ್ಷ ಫ್ರೆಂಚ್ ಕಲಿಸಿ ನಿವೃತ್ತರಾದವರು. ಬಾಗಿಲಲ್ಲಿ ನಿಂತ ಹುಡುಗಿಯ ತೆಲುಗಿನಲ್ಲಿ ಕನ್ನಡದ ವಾಸನೆ ಹಿಡಿದು, “ಯಾವ ಊರವ್ವಾ ನಿಂದು?” ಎಂದರು. ಯಾದಗಿರಿ ಎಂದ ಕೂಡಲೇ ಒಳಗೆ ಕರೆದು ಕೂರಿಸಿದರು. ಆದರೆ ವಿಷಯ ಕೇಳಿ ತಲೆ ಅಲ್ಲಾಡಿಸಿದರು.

“ಭಾಷಾ ಅಂದ್ರ ವಾರದಾಗ ಬರೂದಲ್ಲ. ಎರಡು ವರ್ಷ ಬೇಕು. ಜೂನದಾಗ ಬಾ.”

“ನನಗ ಪೂರಾ ಭಾಷಾ ಬ್ಯಾಡ್ರಿ ಅಮ್ಮಾರ. ಹುಕುಂ ಅಷ್ಟ ಬೇಕು. ಏಳ್ರಿ, ಕೂಡ್ರಿ, ನಡೀರಿ. ಮರ್ಯಾದಿಲೆ ಹೇಳಾಕ ಬರಬೇಕು. ಅಷ್ಟ.”

“ಬರೇ ಹುಕುಂ?”

“ಹೌದ್ರಿ. ನಾಳಿ ಮುಂಜಾನಿಗೇ ಬೇಕು.”

ಗೋದಾಬಾಯಿ ನಕ್ಕುಬಿಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಒಂದು ಹಾಳೆ ಎಳೆದುಕೊಂಡರು.

“ಹುಕುಂ ಕೊಡುವಾಗ ‘ನೀನು, ನೀವು’ ಅಂತ ಹೇಳೂ ಜರೂರ ಇರೂದಿಲ್ಲ. ನಮ್ಮಲ್ಲೂ ಹಂಗೇ. ‘ಬಾ’ ಅಂದ್ರ ಸಾಕು, ‘ನೀನು ಬಾ’ ಅನ್ನಬೇಕಾಗಿಲ್ಲ. ಇದಕ್ಕ ಮೂರೇ ರೂಪ ಅವ. ಒಂದು ಸಲಿಗಿದು. ಅದನ್ನೇ ನೀ ಇವತ್ತ ಅಂದಿದ್ದು, ಲೆವ್. ಎರಡನೇದು ಮರ್ಯಾದಿದು, ಲವೇ. ನಮ್ಮ ಮಾತಿನ ಕೊನಿಗೆ ‘ರಿ’ ಬರ್ತದಲಾ, ಅದರ ಜಾಗಾದಾಗ ಅವರಿಗೆ ‘ಏ’ ಬರ್ತದ. ಪುಸ್ಸೇ, ಒತ್ತರಿ. ರೆಸ್ಪಿರೇ, ಉಸಿರು ತಗೋರಿ. ಮೂರನೇದು ‘ನಡೀರಿ, ಮಾಡೋಣು’ ಅಂತ ತನ್ನನ್ನೂ ಸೇರಿಸಿಕೊಂಡು ಹೇಳೂದು. ಆಲೋಂ, ಹೋಗೋಣು. ಅವಾಂಸೋಂ, ಮುಂದ ಸಾಗೋಣು.”

ಅಂದು, ಮಂಗಳವಾರ, ಇಪ್ಪತ್ತು ಕ್ರಿಯಾಪದ. ಬುಧವಾರ ಇಪ್ಪತ್ತು, ಗುರುವಾರ ಇಪ್ಪತ್ತೆರಡು. ಗೋದಾಬಾಯಿ ಸುಮ್ಮನೆ ಹೇಳಿಕೊಡುವವರಲ್ಲ. ಪ್ರತಿಯೊಂದನ್ನೂ ಮಾಡಿ ತೋರಿಸಬೇಕು. “ಎಡಗಾಲು ಮುಂದ ಇಡ್ರಿ” ಎಂದು ಭಾಗ್ಯಶ್ರೀ ಫ್ರೆಂಚಿನಲ್ಲಿ ಸರಿಯಾಗಿ ಹೇಳಿದರೆ ಎಡಗಾಲು ಇಡುತ್ತಿದ್ದರು. ತಪ್ಪಿದರೆ ಕದಲುತ್ತಿರಲಿಲ್ಲ. ‘ಬೇಡ’ ಎನ್ನುವ ರೂಪ ಬೇರೆ ಇದೆ, ಅದು ಸ್ವಲ್ಪ ತೊಡಕು, ಅದಕ್ಕೆ ಐತವಾರ ಬೆಳಿಗ್ಗೆ ಬಾ ಎಂದರು. ಭಾನುವಾರ ಭಾಗ್ಯಶ್ರೀಗೆ ರಜೆ.

ಮನೆಯಲ್ಲಿ ದ್ಯಾವಪ್ಪನೇ ಅವಳ ರೋಗಿ. ಸಂಜೆ ಚಾಪೆಯ ಮೇಲೆ ಅಂಗಾತ ಮಲಗಿಸಿಕೊಂಡು, “ಲವೇ ಲಾ ಜಾಂಬ್ ಗೋಶ್” ಅಂದರೆ ಎಡಗಾಲು ಎತ್ತಬೇಕು, “ದ್ರ್ವಾತ್” ಅಂದರೆ ಬಲಗಾಲು. ಆತ ಒಂದನ್ನೂ ತಪ್ಪಿಲ್ಲದೆ ಎತ್ತಿದವನಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಬಂಡೆಮ್ಮ ಕೇಳಿದಳು:

“ಆ ಭಾಷಾದಾಗ ‘ರಿ’ ಐತೇನು?”

“ಐತಿ ಅವ್ವ.”

“ಹಂಗಿದ್ರ ಚೊಲೋ ಭಾಷಾನೇ ಬಿಡು.”

ಬುಧವಾರ ಬೆಳಿಗ್ಗೆ ಭಾಗ್ಯಶ್ರೀ ಮೂರನೆಯ ಮಹಡಿಯ ಕೋಣೆಗೆ ಹೋಗಿ, ಮಂಚದ ಪಕ್ಕದಲ್ಲಿ ಕೈ ಜೋಡಿಸಿ ನಿಂತಳು. “ಬೋಂಜೂರ್ ಮದಾಮ್,” ಎಂದಳು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, “ಲವೇ ಲಾ ಜಾಂಬ್, ಸಿಲ್ ವೂ ಪ್ಲೆ,” ದಯವಿಟ್ಟು ಕಾಲು ಎತ್ತಿರಿ ಎಂದಳು.

ಮದಾಮ್ ಕುಆಸಿ ಮುಖವನ್ನು ಅವಳ ಕಡೆ ತಿರುಗಿಸಿದರು. ಸ್ವಲ್ಪ ಹೊತ್ತು ನೋಡಿ, ‘ಜಾಂಬ್’ ಎನ್ನುವಾಗ ಮೂಗಿನಿಂದ ಸ್ವರ ಬರಬೇಕೆಂದು ತಾವೇ ಹೇಳಿ ತೋರಿಸಿದರು. ಭಾಗ್ಯಶ್ರೀ ಮೂರು ಸಲ ಹೇಳಿ, ಮೂರನೆಯ ಸಲ ಸರಿಯಾದ ಮೇಲೆಯೇ ಅವರು ಕಾಲು ಎತ್ತಿದ್ದು. ನೋವಿಗೆ ತುಟಿ ಕಚ್ಚಿಕೊಂಡರೂ ಕಾಲು ಇಳಿಸಲಿಲ್ಲ. ಮಧ್ಯಾಹ್ನ ವಾಕರ್ ಹಿಡಿದು ನಿಂತರು. ಗುರುವಾರ ಬಾಗಿಲವರೆಗೆ, ಶುಕ್ರವಾರ ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದರು. ಶನಿವಾರ ಮೆಟ್ಟಿಲು. ಎಷ್ಟು ಸಲ ಎಂದು ಭಾಗ್ಯಶ್ರೀ ಹೇಳಿದರೆ ಅಷ್ಟೇ ಸಲ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಇಷ್ಟು ಶಿಸ್ತಿನ ರೋಗಿಯನ್ನು ಅವಳು ಕಂಡಿರಲಿಲ್ಲ.

ಭಾನುವಾರ ಅವರನ್ನು ಡಿಸ್‌ಚಾರ್ಜ್ ಮಾಡಿದರು. ಆಸ್ಪತ್ರೆಯ ಹಿಂದಿನ ಬೀದಿಯ ಗೆಸ್ಟ್‌ಹೌಸಿನಲ್ಲಿ ಮೂರು ವಾರ ಇದ್ದು, ತಪಾಸಣೆ ಮುಗಿಸಿ ಊರಿಗೆ ಹೋಗುವುದೆಂದು ಗೊತ್ತಾಗಿತ್ತು. ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಡಿಸ್‌ಚಾರ್ಜ್ ದಿನ ದುಭಾಷಿಯ ಮೂಲಕ ತಿಳಿಸಿ ಹೇಳುವುದು ರೂಢಿ. ಅಂದು ಋಷಭ್ ಬೇರೆ ಆಸ್ಪತ್ರೆಯಲ್ಲಿದ್ದ. ಹಾಗಾಗಿ ಫ್ರೆಂಚಿನಲ್ಲಿ ಅಚ್ಚಾದ ಸೂಚನೆಗಳ ಹಾಳೆಯೊಂದನ್ನು ಕೈಗಿಟ್ಟು ಕಳಿಸಿದರು. ಅದೇ ಹೊತ್ತಿನಲ್ಲಿ ಭಾಗ್ಯಶ್ರೀ ಸುಲ್ತಾನ್ ಬಜಾರಿನ ಮಹಡಿ ಮನೆಯಲ್ಲಿ ಕೂತು ‘ಬೇಡ’ ಕಲಿಯುತ್ತಿದ್ದಳು.

“ನಮ್ಮಲ್ಲಿ ‘ಬೇಡ’ ಕೊನಿಗೆ ಬರ್ತದ. ಅವರಲ್ಲಿ ಕ್ರಿಯಾಪದದ ಆ ಕಡೆ ಒಂದು, ಈ ಕಡೆ ಒಂದು ಇರ್ತದ,” ಎಂದರು ಗೋದಾಬಾಯಿ. “ಮುಂದ ‘ನ’, ಹಿಂದ ‘ಪಾ’. ಕ್ರ್ವಾಜೇ ಅಂದ್ರ ಕಾಲಮ್ಯಾಲ ಕಾಲು ಹಾಕ್ರಿ. ನ ಕ್ರ್ವಾಜೇ ಪಾ, ಹಾಕಬ್ಯಾಡ್ರಿ. ಎರಡೂ ಕಡೆ ನೋಡಬೇಕು ನೀನು. ನಡುವಿನದೊಂದೇ ನೋಡಿದ್ರ ಅರ್ಥ ತಿರುವುಮುರುವು.”

ಗುರುವಾರ ಬೆಳಿಗ್ಗೆ ಎಂಟಕ್ಕೆ ಭಾಗ್ಯಶ್ರೀ ಕೆಲಸಕ್ಕೆ ಬಂದಾಗ ತುರ್ತು ವಿಭಾಗದ ಮುಂದೆ ಮದಾಮ್ ಕುಆಸಿಯ ತಂಗಿ ಅಳುತ್ತ ನಿಂತಿದ್ದಳು. ಒಳಗೆ ಸ್ಟ್ರೆಚರಿನ ಮೇಲೆ ಅವರು. ಎಡಗಾಲು ಗಿಡ್ಡವಾಗಿ ಒಳಕ್ಕೆ ತಿರುಚಿಕೊಂಡಿತ್ತು. ಹೊಸ ಕೀಲು ಜಾರಿ ಹೊರಗೆ ಬಂದಿತ್ತು. ಅರಿವಳಿಕೆ ಕೊಟ್ಟು ಮತ್ತೆ ಕೂರಿಸಿದರು.

ಮಧ್ಯಾಹ್ನ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥ ವಿಜಯಕುಮಾರ ಸರ್ ಫೈಲಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು: ‘ರೋಗಿ ಸೂಚನೆಗಳನ್ನು ಪಾಲಿಸಿಲ್ಲ.’

ಭಾಗ್ಯಶ್ರೀಗೆ ಅದನ್ನು ನಂಬಲಾಗಲಿಲ್ಲ. ಎಷ್ಟು ಹೇಳಿದರೆ ಅಷ್ಟೇ ಸಲ ಕಾಲು ಎತ್ತಿದವರು! ನಾಲ್ಕು ಗಂಟೆಗೆ ಕೋಣೆಗೆ ಹೋದಳು. ಮದಾಮ್ ಕುಆಸಿಗೆ ಎಚ್ಚರವಾಗಿತ್ತು. ಅವಳನ್ನು ಕಂಡ ಕೂಡಲೇ ಏನನ್ನೋ ವಿವರಿಸತೊಡಗಿದರು. ಅವಳಿಗೆ ಬರುತ್ತಿದ್ದುದು ಆಜ್ಞೆಗಳು ಮಾತ್ರ. ಆದದ್ದು ಹೋದದ್ದು ಹೇಳುವ ಮಾತು ಒಂದೂ ಅರ್ಥವಾಗಲಿಲ್ಲ. ಆಗ ತಂಗಿ ಚೀಲದಿಂದ ಆ ಹಾಳೆಯನ್ನು ತೆಗೆದು ಅವಳ ಕೈಗಿಟ್ಟಳು. ಹತ್ತು ಸಾಲು. ಪ್ರತಿ ಸಾಲಿನ ಎದುರು ನೀಲಿ ಪೆನ್ನಿನಲ್ಲಿ ಅಚ್ಚುಕಟ್ಟಾದ ಗೀಟುಗಳು: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಸೋಮವಾರದಿಂದ ಬುಧವಾರದವರೆಗೆ ಒಂದು ಗೀಟೂ ತಪ್ಪಿರಲಿಲ್ಲ.

ಭಾಗ್ಯಶ್ರೀ ಕೂಡಿಸಿ ಕೂಡಿಸಿ ಓದಿದಳು. ಮೊದಲ ಐದು ಸಾಲು ಅವಳಿಗೆ ಗೊತ್ತಿದ್ದ ವ್ಯಾಯಾಮಗಳೇ. ಆರನೆಯದು: ‘ಕ್ರ್ವಾಜೇ ಲೆ ಜಾಂಬ್.’ ಅವಳು ಮುಂದೆ ‘ನ’ ಹುಡುಕಿದಳು. ಹಿಂದೆ ‘ಪಾ’ ಹುಡುಕಿದಳು. ಎರಡೂ ಇರಲಿಲ್ಲ. ಏಳನೆಯದು: ತಗ್ಗಿನ ಕುರ್ಚಿಯ ಮೇಲೆ ಕೂತುಕೊಳ್ಳಿರಿ. ಎಂಟು: ಮುಂದಕ್ಕೆ ಬಗ್ಗಿ ನೆಲದ ಮೇಲಿನ ವಸ್ತು ಎತ್ತಿರಿ. ಒಂಬತ್ತು: ಪಾದವನ್ನು ಒಳಕ್ಕೆ ತಿರುಗಿಸಿರಿ. ಕೊನೆಯದು, ಆಪರೇಷನ್ ಆದ ಮಗ್ಗುಲಿಗೆ ಮಲಗಿರಿ.

ವಿಭಾಗದ ಕಪಾಟಿನಿಂದ ಇಂಗ್ಲಿಷ್ ಹಾಳೆ ತಂದು ಪಕ್ಕದಲ್ಲಿಟ್ಟಳು. ಅದರಲ್ಲಿ ಆರನೆಯ ಸಾಲಿನ ಮೇಲೆ ಕೆಂಪು ಪಟ್ಟಿಯೊಂದಿತ್ತು. ‘ಇವನ್ನು ಎಂದಿಗೂ ಮಾಡಬೇಡಿ’ ಎಂದು ಬಿಳಿ ಅಕ್ಷರದಲ್ಲಿ. ಫ್ರೆಂಚಿಗೆ ತರುವಾಗ ಆ ಪಟ್ಟಿಯನ್ನು ಚಿತ್ರವೆಂದು ಯಾರೋ ಬಿಟ್ಟುಬಿಟ್ಟಿದ್ದರು. ಅದರ ಕೆಳಗಿನ ಐದು ಸಾಲುಗಳು ಒಂದೊಂದಾಗಿ ಆಜ್ಞೆಗಳಾಗಿದ್ದವು. ಮೂವತ್ತು ವರ್ಷ ಮಕ್ಕಳಿಗೆ ಬರೆದದ್ದನ್ನು ಓದಿ ಅದರಂತೆ ನಡೆಯಿರಿ ಎಂದು ಕಲಿಸಿದ ಹೆಂಗಸು, ನೋವನ್ನು ನುಂಗಿಕೊಂಡು, ದಿನಕ್ಕೆ ಮೂರು ಸಲ ಕಾಲ ಮೇಲೆ ಕಾಲು ಹಾಕಿದ್ದರು.

ವಿಜಯಕುಮಾರ ಸರ್ ಬೀದರಿನವರು. ಬೇರೆ ಯಾರೂ ಇಲ್ಲದಾಗ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವಳು ಎರಡು ಹಾಳೆಯನ್ನೂ ಅವರ ಮೇಜಿನ ಮೇಲೆ ಹರಡಿದಳು.

“ಸರ್, ಇದರಾಗ ‘ಬ್ಯಾಡ’ ಅನ್ನೋದ ಇಲ್ರಿ.”

“ನಿಂಗ ಫ್ರೆಂಚ್ ಯಾವಾಗ ಬಂತು?”

“ಬರಂಗಿಲ್ರಿ. ಹುಕುಂ ಅಷ್ಟ ಬರ್ತಾವು.”

ಅವರು ಫೋನಿನಲ್ಲಿ ಆರನೆಯ ಸಾಲನ್ನು ಹಾಕಿ ಅದರ ಅನುವಾದ ನೋಡಿದರು. ಮುಖ ಕಪ್ಪಿಟ್ಟಿತು. ಜನವರಿಯಲ್ಲಿ ಆ ಹಾಳೆಯನ್ನು ಅವಸರದಲ್ಲಿ ಮಾಡಿಸಿದವರು ಅವರೇ.

“ಇವತ್ತೇ ಈ ಹಾಳಿ ತೆಗೆಸ್ತೀನಿ. ಋಷಭನ ಕೈಲಿ ಹೊಸಾದು ಮಾಡಸ್ತೀನಿ. ಆದ್ರ ಇದು ಇಲ್ಲಿಗೇ ಇರಲಿ. ಮ್ಯಾಲ ಹೋಗಬಾರ್ದು.”

“ಫೈಲಿನಾಗ ಬರದದ್ದು, ಸರ್?”

“ಇರಲಿ ಬಿಡು. ಆಯಮ್ಮ ತಿಂಗಳಿಗೆ ತನ್ನ ದೇಶಕ್ಕ ಹೋಗ್ತಾಳ. ಆ ಫೈಲ್ ಯಾರ್ ನೋಡ್ತಾರ?”

“ಜನವರಿಯಿಂದ ಈ ಹಾಳಿ ತಗೊಂಡು ಹೋದವ್ರು ಎಷ್ಟ್ ಮಂದಿ ಅದಾರ್ರಿ?”

ಅವರು ತಲೆ ಎತ್ತಿದರು. “ಭಾಗ್ಯಶ್ರೀ, ನೀ ಹೊಸಾಕಿ. ನಿನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಸುಮ್ಮ ಇರು.”

ಅಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕೂತಳು. ಮೇಲಿನವರಿಗೆ ಹೇಳಿದರೆ ಕೆಲಸ ಹೋಗಬಹುದಿತ್ತು. ಬಂಡೆಮ್ಮ ಚಹಾ ತಂದುಕೊಟ್ಟು ಎದುರಿಗೆ ಕೂತಳು. ಮಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ನೀ ಆರನೇ ಕ್ಲಾಸಿನಾಗ ಇದ್ದಾಗ ನಾ ಬಿದ್ದಿದ್ದು ನೆನಪೈತೇನು?” ಎಂದಳು ಕೊನೆಗೆ.

ನೆನಪಿತ್ತು. ಎರಡನೆಯ ಮಹಡಿಗೆ ಕಟ್ಟಿದ್ದ ಬಿದಿರಿನ ಅಟ್ಟಣಿಗೆಯಿಂದ ಅವ್ವ ಬಿದ್ದು ಮೂರು ತಿಂಗಳು ಮಲಗಿದ್ದಳು.

“ಹಗ್ಗ ಸಡ್ಲ ಆಗೇತಿ, ಏರಂಗಿಲ್ಲ ಅಂದಿದ್ದೆ ನಾನು. ‘ಏರು’ ಅಂದಾವ ಆ ಸೂಪರ್‌ವೈಜರ. ಬಿದ್ದ ಮ್ಯಾಲ ಕಾಗದದಾಗ ಏನ್ ಬರದ ಗೊತ್ತೇನು? ‘ತಲಿ ತಿರುಗಿ ಬಿದ್ದಾಳ’ ಅಂತ. ನನಗ ತಲಿ ತಿರಗಿದ್ದಿಲ್ಲ ಭಾಗ್ಯಾ. ಹನ್ನೆರಡು ವರ್ಷ ಆತು. ಕಾಲು ನೋಯೋದು ಕಡಿಮಿ ಆಗೇತಿ. ಆ ಮಾತು ಇನ್ನೂ ಕಡಿಮಿ ಆಗಿಲ್ಲ.”

ದ್ಯಾವಪ್ಪ ಬಾಗಿಲ ಬಳಿ ನಿಂತು ಕೇಳುತ್ತಿದ್ದ. “ಕೆಲಸ ಹೋದ್ರ ಇನ್ನೊಂದು ನೋಡೂಣಂತ,” ಎಂದ. “ಆದ್ರ ಸಿಟ್ಟಿಲೆ ಮಾತಾಡಬ್ಯಾಡ. ಕಾಗದ ಮುಂದ ಇಟ್ಟು ಮಾತಾಡು.”

ಶುಕ್ರವಾರ ಹನ್ನೊಂದು ಗಂಟೆಗೆ ಭಾಗ್ಯಶ್ರೀ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಡಾ. ಅನುರಾಧಾ ಅವರ ಕೋಣೆಗೆ ಹೋದಳು. ಹೋಗುವ ಮುಂಚೆ ವಿಜಯಕುಮಾರ ಸರ್ ಮುಂದೆ ನಿಂತು, “ನಿಮ್ಮ ಬೆನ್ನ ಹಿಂದ ಹೋಗಬಾರ್ದು ಅಂತ ಹೇಳಾಕ ಬಂದೀನ್ರಿ,” ಎಂದು ಹೇಳಿಯೇ ಹೋದಳು.

ಅನುರಾಧಾ ಇಂಗ್ಲಿಷಿನಲ್ಲಿ ಕೇಳಿದರು, ಅವಳೂ ಇಂಗ್ಲಿಷಿನಲ್ಲೇ ಹೇಳಿದಳು. ವ್ಯಾಕರಣ ಅಲ್ಲಲ್ಲಿ ಮುರಿಯಿತು, ದನಿ ಮುರಿಯಲಿಲ್ಲ.

“ನಿನಗೆ ಫ್ರೆಂಚ್ ಗೊತ್ತೇ?”

“ಇಲ್ಲ ಮೇಡಂ. ಅರವತ್ತೆರಡು ಕ್ರಿಯಾಪದಗಳ ಆಜ್ಞಾರೂಪ ಮಾತ್ರ ಗೊತ್ತು. ಮಾಡಿರಿ, ಮಾಡಬೇಡಿರಿ.”

“ಅಷ್ಟನ್ನೇ ನಂಬಿ ನಾನು ಒಂದು ವಿಭಾಗದ ಮುಖ್ಯಸ್ಥರ ಬರಹ ತಪ್ಪು ಅನ್ನಬೇಕೇ?”

“ನನ್ನನ್ನು ನಂಬಬೇಡಿ ಮೇಡಂ. ನನಗೆ ಕಲಿಸಿದವರನ್ನು ಕೇಳಿ. ಇಪ್ಪತ್ತೆಂಟು ವರ್ಷ ಪಾಠ ಮಾಡಿದವರು. ಫೋನ್ ಮಾಡಿದರೆ ಬರುತ್ತಾರೆ.”

ಗೋದಾಬಾಯಿ ಆಟೋ ಹಿಡಿದು ಒಂದು ತಾಸಿನಲ್ಲಿ ಬಂದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕೆಂಪು ಪೆನ್ನು. ಹಾಳೆಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ಕೆಂಪು ಪೆನ್ನಿನ ಟೊಪ್ಪಿ ತೆಗೆಯಲೇ ಇಲ್ಲ.

“ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ,” ಎಂದರು. “ಹತ್ತಕ್ಕೆ ಹತ್ತು ಅಂಕ ಕೊಡಬೇಕಾದ ಫ್ರೆಂಚ್. ಅದಕ್ಕೇ ಆ ಹೆಣ್ಣುಮಗಳು ಅನುಮಾನಪಡಲಿಲ್ಲ. ನಿಮ್ಮ ಆಸ್ಪತ್ರೆ ಅವರಿಗೆ ಬಹಳ ಮರ್ಯಾದೆಯಿಂದ, ಸ್ಪಷ್ಟವಾಗಿ, ಕೀಲು ಮುರಿದುಕೊಳ್ಳಿರಿ ಎಂದು ಹೇಳಿದೆ.”

ಅನುರಾಧಾ ವಿಜಯಕುಮಾರ ಸರ್ ಅವರನ್ನು ಕರೆಸಿದರು. ಏನೇನು ಮಾತಾಯಿತೋ, ಭಾಗ್ಯಶ್ರೀ ಹೊರಗೆ ಬೆಂಚಿನ ಮೇಲಿದ್ದಳು. ಬಾಗಿಲು ತೆರೆದಾಗ ಮೂರು ತೀರ್ಮಾನ ಆಗಿದ್ದವು. ಫೈಲಿನ ಸಾಲು ಹೊಡೆದುಹಾಕಿ ನಿಜ ಬರೆಯುವುದು. ಆ ಹಾಳೆ ಪಡೆದು ಹೋದವರು ಇವರೂ ಸೇರಿ ಹನ್ನೊಂದು ಮಂದಿ. ಉಳಿದ ಹತ್ತು ಜನಕ್ಕೂ ಫೋನ್ ಮಾಡುವುದು. ಮೂರನೆಯದಾಗಿ, ಸೂಪರಿಂಟೆಂಡೆಂಟರೇ ಹೋಗಿ ಮದಾಮ್ ಕುಆಸಿಯವರ ಕ್ಷಮೆ ಕೇಳುವುದು.

“ಋಷಭ್ ಬರುವವರೆಗೆ ಕಾಯೋದು ಬೇಡ,” ಎಂದರು ಅನುರಾಧಾ. “ನೀನೇ ಹೇಳು.”

ಭಾಗ್ಯಶ್ರೀ ಗೋದಾಬಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಮಾಫ್ ಮಾಡ್ರಿ ಅನ್ನೋದು ಕಲಿಸಿಲ್ರಲ್ಲ ನೀವು?”

“ಅದೂ ಹುಕುಂ ರೂಪದಾಗೇ ಅದ. ಪಾರ್ದೊನೇ ನೂ. ನಮ್ಮನ್ನ ಕ್ಷಮಿಸ್ರಿ.” ಗೋದಾಬಾಯಿ ಅವಳ ಭುಜ ಹಿಡಿದರು. “ನಾನೂ ಬಾಜೂಕ ನಿಂತಿರ್ತೀನಿ. ಆದ್ರ ನೀನೇ ಹೇಳು.”

ಕೋಣೆಯಲ್ಲಿ ಮದಾಮ್ ಕುಆಸಿ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಭಾಗ್ಯಶ್ರೀ ಅವರ ಮುಂದೆ ಎರಡು ಹಾಳೆ ಹಿಡಿದು, ಕೆಂಪು ಪಟ್ಟಿಯನ್ನು ತೋರಿಸಿ, ಒಂದೊಂದು ಸಾಲಿಗೂ ‘ನ... ಪಾ’ ಸೇರಿಸಿ ಓದಿದಳು. ಅವರ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ಹತ್ತನೆಯ ಸಾಲಿಗೆ ಬಂದಾಗ ಹಾಳೆಯನ್ನು ಕಸಿದುಕೊಂಡು ಎದೆಯ ಮೇಲೆ ಕವುಚಿಟ್ಟು ಕಣ್ಣು ಮುಚ್ಚಿದರು. “ಪಾರ್ದೊನೇ ನೂ, ಮದಾಮ್,” ಎಂದಳು ಭಾಗ್ಯಶ್ರೀ. ಅನುರಾಧಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಮದಾಮ್ ಕುಆಸಿ ಕೂಡಲೇ ಕ್ಷಮಿಸಲಿಲ್ಲ. ಸಿಟ್ಟಿನಿಂದ ಬಹಳ ಹೊತ್ತು ಮಾತಾಡಿದರು. ಗೋದಾಬಾಯಿ ಅದನ್ನು ಸ್ವಲ್ಪವೂ ಮೆದುಗೊಳಿಸದೆ ಇಂಗ್ಲಿಷಿಗೆ ತಂದರು: ‘ನನ್ನ ತಂಗಿ ಮೂರು ದಿನ ಅತ್ತಳು. ನಿಲ್ಲಿಸು, ಇದು ಸರಿಯಲ್ಲ ಎಂದಳು. ಡಾಕ್ಟರು ಬರೆದಿದ್ದಾರೆ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ. ಮೊದಲು ಅವಳ ಕ್ಷಮೆ ಕೇಳಿ.’ ಅನುರಾಧಾ ತಂಗಿಯ ಕೈ ಹಿಡಿದು ಕೇಳಿದರು. ಅದಾದ ಮೇಲೆ ಮದಾಮ್ ಕುಆಸಿ ಭಾಗ್ಯಶ್ರೀಗೆ ಕುರ್ಚಿ ತೋರಿಸಿ, “ಅಸೆಯೇ ವೂ,” ಕೂತುಕೊಳ್ಳಿರಿ ಎಂದರು. ಮೊಮ್ಮಗಳ ವಯಸ್ಸಿನವಳಿಗೆ ಅವರು ಬಹುವಚನದಲ್ಲೇ ಹೇಳಿದರು.

ಸೋಮವಾರದಿಂದ ಫೋನ್ ಶುರುವಾಯಿತು. ಆ ಹತ್ತು ಜನರ ಊರುಗಳಲ್ಲಿ ಬೆಳಗಾಗುವುದು ಇಲ್ಲಿ ಮಧ್ಯಾಹ್ನವಾದ ಮೇಲೆ. ಊಟದ ಬಿಡುವಿನಲ್ಲಿ ಋಷಭ್ ಸಿಕ್ಕರೆ ಋಷಭ್, ಇಲ್ಲದಿದ್ದರೆ ಭಾಗ್ಯಶ್ರೀಯೇ. ಗೋದಾಬಾಯಿ ಬರೆದುಕೊಟ್ಟ ಹನ್ನೆರಡು ವಾಕ್ಯ ಅವಳ ಮುಂದಿರುತ್ತಿದ್ದವು. ಆ ಕಡೆಯವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಋಷಭ್‌ನಿಂದ ಅರ್ಥ ತಿಳಿದುಕೊಳ್ಳುತ್ತಿದ್ದಳು. ಕ್ಯಾಮರೂನಿನ ಒಬ್ಬ ಮುದುಕ, ಆ ಐದು ಸಾಲು ನೋವು ಕೊಟ್ಟಿದ್ದರಿಂದ ಮೊದಲ ದಿನವೇ ಬಿಟ್ಟೆ ಎಂದು ನಕ್ಕ. ಒಬ್ಬಾಕೆಯ ಮಗ ನರ್ಸ್ ಆಗಿದ್ದ, ಓದಿದ ಕೂಡಲೇ ಹಾಳೆ ಹರಿದುಹಾಕಿದ್ದ. ಇನ್ನೊಬ್ಬಾಕೆಗೆ ಕೀಲು ಜಾರಿ ಅಲ್ಲೇ ಸರಿಪಡಿಸಿದ್ದರು. ಆಕೆ ಬೈದದ್ದನ್ನು ಭಾಗ್ಯಶ್ರೀ ಕೊನೆಯವರೆಗೆ ಕೇಳಿಸಿಕೊಂಡು ಕ್ಷಮೆ ಕೇಳಿದಳು. ವಾರದಲ್ಲಿ ಎಂಟು ಮಂದಿ ಸಿಕ್ಕರು. ಎರಡು ನಂಬರು ರಿಂಗಾಗಿ ರಿಂಗಾಗಿ ನಿಲ್ಲುತ್ತಿದ್ದವು.

ಕೆಲಸ ಹೋಗಲಿಲ್ಲ. ಆದರೆ ಅವಳನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಹೊರರೋಗಿ ವಿಭಾಗಕ್ಕೆ ಹಾಕಿದರು. ವಿಜಯಕುಮಾರ ಸರ್ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕನ್ನಡವಂತೂ ನಿಂತೇಹೋಯಿತು. ಬೇಸರವಾಯಿತಾದರೂ ಅವಳು ಅದರ ಬಗ್ಗೆ ಯಾರಲ್ಲೂ ದೂರಲಿಲ್ಲ. ಗೋದಾಬಾಯಿ ತಿದ್ದಿದ ಹೊಸ ಹಾಳೆಗೆ ಮೊದಲು ಸಹಿ ಹಾಕಿದವರು ಮಾತ್ರ ಸರ್ ಅವರೇ. ಮದಾಮ್ ಕುಆಸಿ ಐದು ವಾರ ಆಸ್ಪತ್ರೆಯಲ್ಲೇ ಇದ್ದು, ಕೋಲು ಹಿಡಿದು ಊರಿಗೆ ಹೊರಟರು. ಅಷ್ಟು ದಿನವೂ ಪಾಳಿ ಮುಗಿದ ಮೇಲೆ ಭಾಗ್ಯಶ್ರೀ ಮೂರನೆಯ ಮಹಡಿಗೆ ಹೋಗಿ ಅವರನ್ನು ನಡೆಸುತ್ತಿದ್ದಳು, ಅವರು ಅವಳ ಉಚ್ಚಾರ ತಿದ್ದುತ್ತಿದ್ದರು.

ಸಿಗದ ಎರಡರಲ್ಲಿ ಒಂದು ನಂಬರು ಬದಲಾಗಿದೆ ಎಂದು ತಿಳಿಯಿತು. ಅದಕ್ಕೆ ಹಾಳೆಯನ್ನೂ ಪತ್ರವನ್ನೂ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಇನ್ನೊಂದು ಕಿನ್ಶಾಸಾ ಪಟ್ಟಣದ ಹೆಂಗಸೊಬ್ಬಳದು. “ಬಿಡು ಇನ್ನ, ಆಕೆ ಎತ್ತುವುದಿಲ್ಲ,” ಎಂದ ಋಷಭ್. ಭಾಗ್ಯಶ್ರೀ ಬಿಡಲಿಲ್ಲ. ದಿನವೂ ಎರಡೂವರೆಗೆ, ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗದೆಂದು ಹೊರಗಿನ ಬೇವಿನ ಮರದ ಕೆಳಗೆ ಬಂದು ಫೋನ್ ಹಚ್ಚುತ್ತಿದ್ದಳು. ಇಪ್ಪತ್ತಾರನೆಯ ದಿನ ಆ ಕಡೆಯಿಂದ ಬೇಸರದ ದನಿಯೊಂದು “ಅಲೋ?” ಎಂದಿತು. ಗುರುತಿಲ್ಲದ ನಂಬರು ಕಂಡು ಈಗಲೇ ಇಟ್ಟುಬಿಡುವ ದನಿ.

ಭಾಗ್ಯಶ್ರೀ ನೆಟ್ಟಗೆ ನಿಂತಳು.

“ಬೋಂಜೂರ್ ಮದಾಮ್. ಎಕೂತೇ ಮ್ವಾ, ಸಿಲ್ ವೂ ಪ್ಲೆ. ನ ರಾಕ್ರೋಶೇ ಪಾ.” ನನ್ನ ಮಾತು ಕೇಳಿರಿ. ಫೋನ್ ಇಡಬೇಡಿರಿ.

ಆ ಕಡೆ ಕುರ್ಚಿ ಎಳೆದುಕೊಂಡ ಸಪ್ಪಳ ಕೇಳಿಸಿತು. ಭಾಗ್ಯಶ್ರೀ ಹೊಸ ಹಾಳೆಯ ಆರನೆಯ ಸಾಲಿನಿಂದ ಓದತೊಡಗಿದಳು.